ಅಂಬಾಸಿಡರ್ ಡಿಸ್ಟ್ರಿಬ್ಯೂಟರ್‌ಗೆ ಎಲೆಕ್ಟ್ರಾನಿಕ್ ಮಾಡ್ಯೂಲ್: ಬಳ್ಳಾರಿ ಬಿಸಿಲಲ್ಲಿ ನನ್ನ ಅನುಭವ

ಡಿಸ್ಟ್ರಿಬ್ಯೂಟರ್ (ಪ್ಲಗ್‌ಗಳಿಗೆ ಸರದಿಯಂತೆ ಕಿಡಿ ಹಂಚುವ ಭಾಗ) ಒಳಗಿನ ಸಿ.ಬಿ. ಪಾಯಿಂಟ್, ಅಂದರೆ ಕಾಯಿಲ್ ಕರೆಂಟ್ ಕಡಿದು ಕಿಡಿ ಹುಟ್ಟಿಸುವ ಸ್ವಿಚ್ ತೆಗೆದು, ಅದೇ ಕೆಲಸ ಮಾಡುವ ಎಲೆಕ್ಟ್ರಾನಿಕ್ ಮಾಡ್ಯೂಲ್ ಹಾಕಿದ ನನ್ನ ಮಾರ್ಕ್ 2 ಅಂಬಾಸಿಡರ್ ಎರಡು ಬೇಸಿಗೆ ದಾಟಿದೆ. ಏಪ್ರಿಲ್ ಬಿಸಿಲಲ್ಲಿ ನಾಲ್ಕು ಜನರನ್ನು ಕೂರಿಸಿಕೊಂಡು ಸಂಡೂರಿಗೆ ಹೋಗಿ ಬಂದರೂ ಮಿಸ್ಸಿಂಗ್ (ಕಿಡಿ ತಪ್ಪಿ ಇಂಜಿನ್ ತಡವರಿಸುವುದು) ಇಲ್ಲ. "ಅಣ್ಣಾ, ಅದು ನಮ್ಮ ಬಿಸಿಲಿಗೆ ಸುಟ್ಟು ಹೋಗ್ತೈತೆ, ಪಾಯಿಂಟೇ ಇರ್ಲಿ" ಅಂದಿದ್ದ ಮೆಕ್ಯಾನಿಕ್ಕೇ ಈಗ ಬೇರೆಯವರನ್ನು ನನ್ನ ಹತ್ತಿರ ಕಳಿಸುತ್ತಾನೆ.

ಮಾಡ್ಯೂಲ್ ಕೂರಿಸುವುದು ಸುಲಭ. ಗಾಡಿಯಲ್ಲಿರುವ ಡಿಸ್ಟ್ರಿಬ್ಯೂಟರ್ ಯಾವುದು ಅಂತ ಗೊತ್ತು ಮಾಡಿಕೊಳ್ಳುವುದೇ ದೊಡ್ಡ ಕೆಲಸ. 50 ವರ್ಷದಲ್ಲಿ ಎಷ್ಟು ಕೈ ಬದಲಾಗಿರುತ್ತೆ, ಅಲ್ವಾ? ಸೀಮೆಎಣ್ಣೆಯಲ್ಲಿ ತೊಳೆದರೆ ಮೈಮೇಲಿನ ಅಚ್ಚು ಕಾಣುತ್ತದೆ. ನನ್ನದು ಲ್ಯೂಕಾಸ್ 25ಡಿ4. ಪಾರ್ಟ್ ನಂಬರ್ ಜೊತೆ ತಯಾರಾದ ವಾರ, ವರ್ಷವೂ ಇರುತ್ತದೆ. ಅಚ್ಚು ಅಳಿಸಿದ್ದರೆ ವ್ಯಾಕ್ಯೂಮ್ ಯೂನಿಟ್ (ಇಂಜಿನ್ ಎಳೆತದಿಂದ ಕಿಡಿಯ ಹೊತ್ತು ಸರಿಸುವ ಡಬ್ಬಿ) ಪಕ್ಕ ನೋಡಿ. ಟೈಮಿಂಗ್ (ಕಿಡಿ ಬೀಳುವ ಹೊತ್ತು) ಸಣ್ಣಗೆ ಹೊಂದಿಸುವ ಗುಬುಟು ಇದ್ದರೆ 25ಡಿ4, ಆಮೇಲೆ ಬಂದ 45ಡಿ4ನಲ್ಲಿ ಅದಿಲ್ಲ.

ಆದರೆ ಅಸಲಿ ಗುರುತು ಒಳಗಿದೆ. ಬೇಸ್ ಪ್ಲೇಟ್ ಎತ್ತಿದರೆ ಕ್ಯಾಮ್ ಕೆಳಗೆ ಒಂದು ಅಂಕಿ ಇರುತ್ತದೆ. ವೇಗ ಹೆಚ್ಚಿದಂತೆ ಕಿಡಿ ಎಷ್ಟು ಡಿಗ್ರಿ ಮುಂಚೆ ಬರುತ್ತೆ (ಅಡ್ವಾನ್ಸ್) ಅನ್ನುವುದು ಅದು. ಡಿಸ್ಟ್ರಿಬ್ಯೂಟರ್ ಕ್ರ್ಯಾಂಕ್‌ನ ಅರ್ಧ ವೇಗದಲ್ಲಿ ತಿರುಗುವುದರಿಂದ, 10 ಆಗಿದ್ದರೆ ಕ್ರ್ಯಾಂಕ್‌ನಲ್ಲಿ 20 ಡಿಗ್ರಿ ಅಡ್ವಾನ್ಸ್. ಇದನ್ನು ನೋಡದವರು ದುಡ್ಡು ಕಳೆದುಕೊಳ್ಳುತ್ತಾರೆ. ಹೈದರಾಬಾದ್ ಗುಜರಿಯಿಂದ "ಹೊಸದರ ಹಾಗಿದೆ" ಅಂತ ಕೊಟ್ಟ ಡಿಸ್ಟ್ರಿಬ್ಯೂಟರ್‌ಗೆ 2,500 ಹೋಯಿತು. ಹೊರಗೆ ನಮ್ಮದೇ, ಒಳಗೆ 15ರ ಅಚ್ಚು! ಅಂದರೆ ಕ್ರ್ಯಾಂಕ್‌ನಲ್ಲಿ 30, ಅದರ ಮೇಲೆ ಸ್ಟ್ಯಾಟಿಕ್ ಟೈಮಿಂಗ್ (ಇಂಜಿನ್ ನಿಂತಾಗ ಹೊಂದಿಸಿದ್ದು) ಬೇರೆ. ಏರು ಬಂದರೆ ಇಂಜಿನ್ ಕಟಕಟ ನಾಕಿಂಗ್. ಟೈಮಿಂಗ್ ಹಿಂದಕ್ಕೆ ಸರಿಸಿದರೆ ಪಿಕಪ್ಪೇ ಇಲ್ಲ. ಅದರ ಕ್ಯಾಪ್, ಕ್ಲಿಪ್ ಮಾತ್ರ ಉಪಯೋಗಕ್ಕೆ ಬಂದವು.

ಹಾಗಾಗಿ ಹಳೆಯದನ್ನೇ ಎಬ್ಬಿಸಿದೆ. ಶಾಫ್ಟ್ ಅಲ್ಲಾಡುತ್ತಿತ್ತು. ಶಾಫ್ಟ್ ಅಲ್ಲಾಡಿದರೆ ಪಾಯಿಂಟ್ ಗ್ಯಾಪ್ 15 ಥೌ (ಇಂಚಿನ ಸಾವಿರದಲ್ಲಿ 15 ಭಾಗ) ಇಟ್ಟರೂ ಒಂದೊಂದು ಸಿಲಿಂಡರ್‌ಗೆ ಒಂದೊಂದು ಟೈಮಿಂಗ್. ಲೇತ್‌ನಲ್ಲಿ ಕಂಚಿನ ಬುಷ್ ಮಾಡಿಸಲು 600-700 ರೂಪಾಯಿ ಆಯಿತು. ವ್ಯಾಕ್ಯೂಮ್ ಯೂನಿಟ್‌ನ ಪೈಪ್ ಬಾಯಲ್ಲಿ ಎಳೆದು ನಾಲಿಗೆ ಒತ್ತಿ ಹಿಡಿದೆ, ಪ್ಲೇಟ್ ಸರಿದು ಅಲ್ಲೇ ನಿಂತಿತು. ಡಯಾಫ್ರಾಮ್ ಗಟ್ಟಿ ಇದೆ ಅಂತ ಅರ್ಥ. ವೇಗ ಹೆಚ್ಚಿದಂತೆ ಕಿಡಿಯನ್ನು ಮುಂಚೆ ತರುವ ತೂಕಗಳ ಸ್ಪ್ರಿಂಗ್ ಸಡಿಲವಾಗಿದ್ದವು. ಎಲ್ಲಿಂದ ತಂದೆ, ಎಷ್ಟು ಬಿಗಿ ಮಾಡಿದೆ ಅಂತ ಇಲ್ಲಿ ಬರೆಯುವುದಿಲ್ಲ. ಅದು ನನ್ನ ಹತ್ತಿರವೇ ಇರಲಿ.

ಮಾಡ್ಯೂಲ್‌ಗೆ ಸುಮಾರು 4,500 ಆಯಿತು. ನಮ್ಮ ಗಾಡಿ ಪಾಸಿಟಿವ್ ಅರ್ತ್ (ಬ್ಯಾಟರಿಯ ಪ್ಲಸ್ ಬಾಡಿಗೆ) ಇತ್ತು, ಮೊದಲು ನೆಗೆಟಿವ್ ಮಾಡಿ, ಡೈನಮೋ ಹೊಸ ದಿಕ್ಕಿಗೆ ಹೊಂದಲಿ ಅಂತ ಅದರ ಫೀಲ್ಡ್‌ಗೆ ಕರೆಂಟ್ ಮುಟ್ಟಿಸಿದೆ. ಮಾಡ್ಯೂಲ್ ಸುಡುವುದು ಬಿಸಿಲಿಗಿಂತ ತಪ್ಪು ಕಾಯಿಲ್‌ನಿಂದ (ಬ್ಯಾಟರಿ ವೋಲ್ಟೇಜನ್ನು ಕಿಡಿಯ ಮಟ್ಟಕ್ಕೆ ಏರಿಸುವುದು) ಜಾಸ್ತಿ. ಕಾಯಿಲ್‌ನ ಪ್ರೈಮರಿ ಸುತ್ತು 3 ಓಮ್ ಇರಬೇಕು. ಬ್ಯಾಲಾಸ್ಟ್ (ಕರೆಂಟ್ ತಗ್ಗಿಸುವ ರೆಸಿಸ್ಟರ್) ಇಲ್ಲದೆ 1.5 ಓಮ್ ಕಾಯಿಲ್ ಹಾಕಿದರೆ ಎರಡರಷ್ಟು ಕರೆಂಟ್ ಹರಿದು ಎಲ್ಲಾ ಕಾಯುತ್ತದೆ. ನನ್ನ ಕಾಯಿಲನ್ನು ಇಂಜಿನ್‌ನಿಂದ ದೂರ, ಬಾನೆಟ್ ಪಕ್ಕದ ತಗಡಿಗೆ ಸರಿಸಿದ್ದೇನೆ. ಕೈಯಿಟ್ಟರೆ ತಡೆಯುವಷ್ಟೇ ಬಿಸಿ.

ಇಷ್ಟಾದ ಮೇಲೂ ಒಂದು ತಿಂಗಳಿಗೆ ರಸ್ತೆ ಮಧ್ಯೆ ನಿಂತಿತು. ಎಲ್ಲರೂ ಮಾಡ್ಯೂಲ್ ಕಡೆ ಬೆರಳು ತೋರಿಸಿದರು. ನೋಡಿದರೆ ಬಜಾರಿನ 80 ರೂಪಾಯಿ ರೋಟರ್ (ಕ್ಯಾಪ್ ಒಳಗೆ ತಿರುಗುತ್ತಾ ಒಂದೊಂದು ಪ್ಲಗ್ ತಂತಿಗೆ ಕಿಡಿ ಮುಟ್ಟಿಸುವ ತುಂಡು)! ಅದರ ರಿವಿಟ್ ಮೂಲಕ ಕಿಡಿ ಶಾಫ್ಟ್‌ಗೆ ಇಳಿಯುತ್ತಿತ್ತು. ರಿವಿಟ್ ಇಲ್ಲದ ರೋಟರ್ ಹಾಕಿದೆ, ಮುಗಿಯಿತು. ನಮ್ಮ ಕಡೆ ಅದಿರು ಲಾರಿಗಳ ಕೆಂಪು ಧೂಳು ಕ್ಯಾಪ್ ಒಳಗೂ ಹೋಗುತ್ತದೆ. ಮಳೆಗಾಲದಲ್ಲಿ ತೇವ ಸೇರಿದರೆ ಕಿಡಿ ದಾರಿ ತಪ್ಪುತ್ತದೆ. ಒಣ ಬಟ್ಟೆಯಲ್ಲಿ ಒರೆಸುತ್ತಿರಿ.

ಸುಮ್ನೆ ನೋಡೋಣ ಅಂತ ಪ್ಲಗ್ ಗ್ಯಾಪ್ 25 ಥೌನಿಂದ 30, ಆಮೇಲೆ 35ಕ್ಕೆ ಏರಿಸಿದೆ. 30ರಲ್ಲಿ ಐಡ್ಲಿಂಗ್ ಬಹಳ ಚೆನ್ನಾಗಿದೆ, 35ರಲ್ಲಿ ಬೆಳಗ್ಗೆ ಸ್ಟಾರ್ಟ್ ಆಗಲು ತಕರಾರು. ಲೀಟರ್‌ಗೆ 8 ಕೊಡುತ್ತಿದ್ದ ಗಾಡಿ ಈಗ 10ರ ಮೇಲೆ ಕೊಡುತ್ತಿದೆ. ಟೈಮಿಂಗ್ ಲೈಟ್ ಹಿಡಿದರೆ ಗುರುತು ಅಲ್ಲಾಡದೆ ನಿಲ್ಲುತ್ತದೆ.

ಹಳೆಯ ಪಾಯಿಂಟ್, ಕಂಡೆನ್ಸರ್, ಫೀಲರ್ ಗೇಜ್ ಡಿಕ್ಕಿಯಲ್ಲೇ ಇಟ್ಟಿದ್ದೇನೆ. ಮಾಡ್ಯೂಲ್ ಕೈಕೊಟ್ಟರೆ ಅರ್ಧ ಗಂಟೆಯಲ್ಲಿ ವಾಪಸ್ ಹಾಕಬಹುದು. ಈಗ ಸ್ನೇಹಿತನ ಪದ್ಮಿನಿ ಕಾರು ಬಂದು ನಿಂತಿದೆ, ಅದರ ಬೇಸ್ ಪ್ಲೇಟ್ ಇನ್ನೂ ಎತ್ತಬೇಕು.