ಅಗ್ಗದ ಹೊಸ ಫೋನನ್ನು ಹೊಲದ ಬದುವಿನ ಮೇಲೆ ಪರೀಕ್ಷಿಸುವುದು ಹೇಗೆ?

ಹತ್ತು ಸಾವಿರ ರೂಪಾಯಿ ಆಸುಪಾಸಿನ ಫೋನುಗಳೆಲ್ಲ ಅಂಗಡಿಯಲ್ಲಿ ಚೆಂದವೇ ಕಾಣುತ್ತವೆ. ಅಲ್ಲಿ ಟ್ಯೂಬ್‌ಲೈಟಿನ ಬೆಳಕು, ತಲೆಯ ಮೇಲೆ ಫ್ಯಾನು, ಹತ್ತಿರದಲ್ಲೇ ಟವರ್. ಫೋನಿನೊಳಗೆ ನಮ್ಮ ಒಂದು ಫೋಟೊ ಕೂಡ ಸೇರಿರುವುದಿಲ್ಲ. ಅಲ್ಲಿ ಕಂಡದ್ದಷ್ಟನ್ನೇ ನಂಬಿ ಅಭಿಪ್ರಾಯ ಕಟ್ಟಿಕೊಳ್ಳಬೇಡಿ.

ನಾನು ಗದಗ ಜಿಲ್ಲೆಯ ಡಂಬಳದ ಕಡೆಯವಳು. ಕಪ್ಪತಗುಡ್ಡದ ಕೆಳಗಿನ ಹೊಲಗಳಲ್ಲಿ ಮುಂಗಾರು, ಹಿಂಗಾರು ಎರಡೂ ಹಂಗಾಮಿನಲ್ಲಿ ಸರ್ಕಾರದ ಬೆಳೆ ಸಮೀಕ್ಷೆ ಮಾಡುತ್ತೇನೆ, ಅಂದರೆ ಯಾವ ಹೊಲದಲ್ಲಿ ಯಾವ ಬೆಳೆ ಇದೆ ಎಂದು ಫೋನಿನಲ್ಲಿ ಫೋಟೊ ಸಮೇತ ದಾಖಲಿಸುತ್ತೇನೆ. ಇಲಾಖೆಯ ಕಾಗದದಲ್ಲಿ ನಾವು ‘ಖಾಸಗಿ ನಿವಾಸಿ’ಗಳು, ಊರವರ ಬಾಯಲ್ಲಿ ಪಿಆರ್ (ಪ್ರೈವೇಟ್ ರೆಸಿಡೆಂಟ್). ಫೋನು ನಮ್ಮದೇ, ಡೇಟಾ ನಮ್ಮದೇ, ಸಂಭಾವನೆ ತಾಕಿಗೆ ಇಷ್ಟು ಎಂದು. ಫೋನು ಕೈಕೊಟ್ಟರೆ ಆ ದಿನದ ಕೂಲಿ ಹೋಯಿತು. ಹಾಗಾಗಿ ಹೊಸ ಫೋನು ಬಂದ ಮೊದಲ ವಾರ ನಾನು ಅದನ್ನು ಮುದ್ದು ಮಾಡುವುದಿಲ್ಲ, ದುಡಿಸುತ್ತೇನೆ. ಈ ಸಲ ತಂದದ್ದು ಸಾಮಾನ್ಯ ಬಜೆಟ್ ಫೋನು: 6.7 ಇಂಚಿನ ಎಚ್‌ಡಿ ಪ್ಲಸ್ ಪರದೆ, 4 ಜಿಬಿ ರ್‍ಯಾಮ್, 128 ಜಿಬಿ ಸಂಗ್ರಹ, 5000 ಎಂಎಎಚ್ ಬ್ಯಾಟರಿ. ಅದನ್ನು ಪರೀಕ್ಷಿಸಿದ ಕ್ರಮವನ್ನೇ ಇಲ್ಲಿ ಹೇಳುತ್ತೇನೆ. ಕಂಪನಿ ಯಾವುದೇ ಇರಲಿ, ಕ್ರಮ ಒಂದೇ.

ಮೊದಲು ಕೇಳಬೇಕಾದದ್ದು ಬದಲಿ ಅವಧಿ, ಅಂದರೆ ದೋಷವಿದ್ದರೆ ಎಷ್ಟು ದಿನದೊಳಗೆ ಫೋನು ಬದಲಿಸಿಕೊಡುತ್ತಾರೆ ಎಂಬುದು. ಆನ್‌ಲೈನಿನಲ್ಲಿ ತರಿಸಿದರೆ ಸಾಮಾನ್ಯವಾಗಿ ಏಳು ದಿನ ಇರುತ್ತದೆ. ಗದಗಿನ ಪೇಟೆಯಲ್ಲಿ ಕೊಂಡರೆ ಅದು ಅಂಗಡಿಯವರ ಮಾತಿನ ಮೇಲೆ ನಿಂತಿರುತ್ತದೆ. ‘ಏನಾದರೂ ಆದರೆ ತನ್ನಿ ಅಕ್ಕಾ, ನಾವಿದ್ದೇವೆ’ ಎನ್ನುತ್ತಾರೆ. ಆ ಮಾತನ್ನು ಬಿಲ್ಲಿನ ಮೇಲೆ ಬರೆಸಿಕೊಳ್ಳಿ. ಬಿಲ್ಲಿನಲ್ಲಿ ಅಂಗಡಿಯ ಜಿಎಸ್‌ಟಿ ಸಂಖ್ಯೆ ಮತ್ತು ನಿಮ್ಮ ಫೋನಿನ ಗುರುತಿನ ಸಂಖ್ಯೆಯಾದ ಐಎಂಇಐ ಎರಡೂ ಇರಲಿ. ಮೊಬೈಲಿಗೆ ಶೇ 18 ಜಿಎಸ್‌ಟಿ ಕಟ್ಟಿಯೇ ಕೊಳ್ಳುತ್ತೇವೆ, ಪಕ್ಕಾ ಬಿಲ್ಲು ಕೇಳಲು ಸಂಕೋಚ ಬೇಡ. ಡಯಲ್ ಪರದೆಯಲ್ಲಿ *#06# ಒತ್ತಿದರೆ ಐಎಂಇಐ ಕಾಣುತ್ತದೆ. ಎರಡು ಸಿಮ್‌ನ ಫೋನಾದರೆ 15 ಅಂಕಿಯ ಎರಡು ಸಂಖ್ಯೆಗಳಿರುತ್ತವೆ. ಡಬ್ಬಿ, ಬಿಲ್ಲು, ಪರದೆ ಮೂರರಲ್ಲೂ ಅವು ಹೊಂದಬೇಕು. ಕೆವೈಎಂ (KYM) ಎಂಬ ಮೂರು ಇಂಗ್ಲಿಷ್ ಅಕ್ಷರ ಬರೆದು, ಜಾಗ ಬಿಟ್ಟು, ಐಎಂಇಐ ಸೇರಿಸಿ 14422ಕ್ಕೆ ಎಸ್ಎಂಎಸ್ ಕಳಿಸಿದರೆ ಆ ಸಂಖ್ಯೆಯ ಹಿನ್ನೆಲೆ ತಿಳಿಯುತ್ತದೆ. ಕಂತಿನ ಮೇಲೆ ಕೊಳ್ಳುವವರು ಇನ್ನೊಂದು ಮಾತು ಕೇಳಿಕೊಳ್ಳಬೇಕು: ಕಂತು ತಪ್ಪಿದರೆ ಫೋನನ್ನೇ ಲಾಕ್ ಮಾಡುವ ಆ್ಯಪ್ ಹಾಕುತ್ತಾರೆಯೇ? ಹಾಕುವುದಾದರೆ, ಕಂತು ಮುಗಿದ ಮೇಲೆ ಅದನ್ನು ತೆಗೆದುಕೊಡುವವರು ಯಾರು?

ಮನೆಗೆ ಬಂದ ಮೇಲೆ ಸೆಟ್ಟಿಂಗ್ ಮಾಡುವಾಗ ‘ಒಪ್ಪುತ್ತೇನೆ’ ಎಂದು ಒಂದೇ ಸಮನೆ ಒತ್ತುತ್ತ ಹೋಗಬೇಡಿ. ಬಜೆಟ್ ಫೋನುಗಳಲ್ಲಿ ಬೆಲೆಯ ಒಂದಿಷ್ಟು ಭಾಗವನ್ನು ಜಾಹೀರಾತಿನಿಂದ ತುಂಬಿಕೊಳ್ಳುತ್ತಾರೆ. ಲಾಕ್ ಪರದೆಯ ಮೇಲೆ ಬದಲಾಗುವ ಚಿತ್ರಗಳು, ‘ಶಿಫಾರಸು ಮಾಡಿದ ಆ್ಯಪ್‌ಗಳು’, ಆಟಗಳ ಗುಡ್ಡೆ, ಇವುಗಳಿಗೆಲ್ಲ ಅಲ್ಲಿಯೇ ಅನುಮತಿ ಕೇಳಿರುತ್ತಾರೆ. ಬೇಡ ಎನ್ನಬಹುದಾದ ಕಡೆಯೆಲ್ಲ ಬೇಡ ಎನ್ನಿ. ಆಮೇಲೆ ವೈಫೈ ಇರುವ ಮನೆಯಲ್ಲಿ, ಚಾರ್ಜಿಗೆ ಹಾಕಿ, ರಾತ್ರಿಯಿಡೀ ಎಲ್ಲ ಅಪ್‌ಡೇಟ್‌ಗಳು ಮುಗಿಯಲು ಬಿಡಿ. ಅಷ್ಟರವರೆಗೆ ವೇಗದ ಬಗ್ಗೆಯಾಗಲಿ ಬ್ಯಾಟರಿಯ ಬಗ್ಗೆಯಾಗಲಿ ತೀರ್ಪು ಬೇಡ. ಒಳಗೊಳಗೇ ಹತ್ತಾರು ಆ್ಯಪ್‌ಗಳು ಇಳಿಯುತ್ತಿರುವಾಗ ಯಾವ ಅಗ್ಗದ ಫೋನೂ ಬಿಸಿಯಾಗುತ್ತದೆ, ತಡವರಿಸುತ್ತದೆ.

ಎರಡನೆಯ ದಿನ ನಾನು ಮೊದಲು ನೋಡುವುದು ಕನ್ನಡವನ್ನು. ಈ ಪರೀಕ್ಷೆಯನ್ನು ಯಾರೂ ಮಾಡುವುದಿಲ್ಲ, ಆದರೆ ನಮಗೆ ಇದೇ ಮುಖ್ಯ. 6.7 ಇಂಚಿನಲ್ಲಿ ಎಚ್‌ಡಿ ಪ್ಲಸ್ ಪರದೆ ಎಂದರೆ ಇಂಚಿಗೆ ಸುಮಾರು 260 ಚುಕ್ಕಿಗಳು. ಅದೇ ಅಳತೆಯ ಫುಲ್ ಎಚ್‌ಡಿ ಪ್ಲಸ್ ಪರದೆಯಲ್ಲಿ 390ಕ್ಕೂ ಹೆಚ್ಚು. ಇಂಗ್ಲಿಷ್ ಓದುವವರಿಗೆ ಈ ವ್ಯತ್ಯಾಸ ಅಷ್ಟಾಗಿ ತಟ್ಟುವುದಿಲ್ಲ. ಕನ್ನಡದಲ್ಲಿ ದ, ಧ, ಥ ಮೂರಕ್ಕೂ ಇರುವ ಅಂತರ ಒಂದು ಸಣ್ಣ ಸೀಳು, ಒಂದು ಚುಕ್ಕಿ. ಪ, ಫ, ಷ ಕೂಡ ಹಾಗೆಯೇ. ಉತಾರದ (ಪಹಣಿಯ) ಪಿಡಿಎಫ್ ತೆರೆದು, ಹಿಗ್ಗಿಸದೆ, ಖಾತೆದಾರರ ಹೆಸರಿನ ಸಾಲು ಓದಲು ನೋಡಿ. ಧರ್ಮಪ್ಪ ದರ್ಮಪ್ಪನಾಗಿ ಕಂಡರೆ ಆ ಪರದೆ ಕಚೇರಿ ಕೆಲಸಕ್ಕೆ ತ್ರಾಸು ಕೊಡುತ್ತದೆ. ನನ್ನ ಹೊಸ ಫೋನಿನಲ್ಲಿ ತೀರ ಸಣ್ಣ ಅಕ್ಷರಗಳಲ್ಲಿ ಧ ಮತ್ತು ದ ಕಲೆಸಿಹೋಗುತ್ತಿದ್ದವು. ಅಕ್ಷರದ ಗಾತ್ರವನ್ನು ಒಂದು ಮೆಟ್ಟಿಲು ಏರಿಸಿದ ಮೇಲೆ ಆ್ಯಪ್‌ಗಳಲ್ಲಿ ಸರಿಹೋಯಿತು, ಪಿಡಿಎಫ್‌ಗೆ ಮಾತ್ರ ಬೆರಳಿನಿಂದ ಹಿಗ್ಗಿಸುವುದು ತಪ್ಪಲಿಲ್ಲ.

ಹಾಗೆಂದು ಗಾತ್ರವನ್ನು ಬೇಕಾದಷ್ಟು ಏರಿಸುವಂತೆಯೂ ಇಲ್ಲ. ಕೆಲವು ಆ್ಯಪ್‌ಗಳಲ್ಲಿ ಗುಂಡಿಯ ಎತ್ತರ ಇಂಗ್ಲಿಷಿಗೆ ಅಳತೆ ಮಾಡಿಟ್ಟದ್ದು. ಕನ್ನಡದ ಒತ್ತಕ್ಷರ ಸಾಲಿನ ಕೆಳಗೆ ಇಳಿಯುತ್ತದೆ, ಗುಂಡಿಯ ಅಂಚು ಅದನ್ನು ಕತ್ತರಿಸಿಬಿಡುತ್ತದೆ. ‘ವಿಸ್ತೀರ್ಣ’ದಲ್ಲಿ ಸ ಕಾಣುತ್ತದೆ, ಅದರ ಕೆಳಗಿನ ತ ಒತ್ತು ಅರ್ಧ ಮಾಯವಾಗುತ್ತದೆ. ಆದ್ದರಿಂದ ನೀವು ನಿತ್ಯ ಬಳಸುವ ಆ್ಯಪ್‌ಗಳನ್ನೆಲ್ಲ ಒಮ್ಮೆ ಕನ್ನಡದಲ್ಲಿ ತೆರೆದು, ರಾಷ್ಟ್ರೀಯ, ವಸ್ತ್ರ, ಕೃಷಿ ಇಂಥ ಪದಗಳು ಇಡಿಯಾಗಿ ಕಾಣುತ್ತವೆಯೇ ನೋಡಿ. ಕೀಲಿಮಣೆಯಲ್ಲೂ ಅವನ್ನೇ ಬರೆದು ನೋಡಿ. ಬರೆಯಲು ಬೇಸರವಿರುವ ಹಿರಿಯರಿಗೆ ಕನ್ನಡದ ಧ್ವನಿ ಟೈಪಿಂಗ್ ತೋರಿಸಿಕೊಡಿ. ಗೂಗಲ್ ಕೀಲಿಮಣೆಯಲ್ಲಿ ಕನ್ನಡ ಸೇರಿಸಿದರೆ ಅದು ಸಿಗುತ್ತದೆ. ನಮ್ಮ ಕಾಕಾ ಸೊಸೈಟಿಯ ಕಾರ್ಯದರ್ಶಿಗೆ ಕಳಿಸುವ ಸಂದೇಶಗಳನ್ನೆಲ್ಲ ಈಗ ಬಾಯಿಂದಲೇ ಬರೆಯುತ್ತಾರೆ.

ಇನ್ನು ಹೊಲಕ್ಕೆ ನಡೆಯಿರಿ. ಮಧ್ಯಾಹ್ನ ಹನ್ನೆರಡರಿಂದ ಎರಡರ ಒಳಗೆ ಹೋಗಬೇಕು. ಬೆಳಿಗ್ಗೆಯ ತಂಪಿನಲ್ಲಿ ಹೋದರೆ ಪರೀಕ್ಷೆ ಅನ್ನಿಸಿಕೊಳ್ಳುವುದಿಲ್ಲ. ಬಿಸಿಲಿಗೆ ಬೆನ್ನು ಮಾಡಿ ನಿಂತು ಪರದೆ ನೋಡಿ. ಬೆಳಕನ್ನು ಕೈಯಿಂದ ಪೂರ್ತಿ ಏರಿಸಿ ಒಮ್ಮೆ, ತಾನೇ ಹೊಂದಿಸಿಕೊಳ್ಳಲು ಬಿಟ್ಟು ಇನ್ನೊಮ್ಮೆ. ಅನೇಕ ಫೋನುಗಳಲ್ಲಿ ಪರದೆಯ ಗರಿಷ್ಠ ಬೆಳಕು ಸ್ವಯಂಚಾಲಿತ ಹೊಂದಾಣಿಕೆ ಚಾಲೂ ಇದ್ದಾಗ ಮಾತ್ರ ಬರುತ್ತದೆ. ಇದು ತಿಳಿಯದೆ ‘ಬಿಸಿಲಲ್ಲಿ ಏನೂ ಕಾಣುವುದಿಲ್ಲ’ ಎಂದು ಫೋನು ಹಿಂದಿರುಗಿಸಿದವರಿದ್ದಾರೆ. ಆಮೇಲೆ ಅರ್ಧ ಗಂಟೆ ಹಾಗೆಯೇ ಕೆಲಸ ಮಾಡಿ. ಫೋನು ಕಾದಂತೆ ತನ್ನನ್ನು ಕಾಪಾಡಿಕೊಳ್ಳಲು ಬೆಳಕನ್ನು ತಾನೇ ಇಳಿಸುತ್ತದೆ. ಎಷ್ಟು ಹೊತ್ತಿಗೆ ಇಳಿಸುತ್ತದೆ, ಇಳಿಸಿದ ಮೇಲೂ ಓದಲು ಬರುತ್ತದೆಯೇ ಎಂಬುದೇ ನಮಗೆ ಬೇಕಾದ ಉತ್ತರ. ಬೆವರಿದ ಬೆರಳಿಗೆ ಪರದೆ ಸ್ಪಂದಿಸುತ್ತದೆಯೇ ಎಂಬುದೂ ಅಷ್ಟರಲ್ಲಿ ಗೊತ್ತಾಗಿಬಿಡುತ್ತದೆ.

ಜಿಪಿಎಸ್ ಪರೀಕ್ಷೆಗೆ ನನ್ನ ಉಪಾಯ ದಿಶಾಂಕ್. ನಿಂತ ಜಾಗದ ಸರ್ವೆ ನಂಬರ್ ತೋರಿಸುವ ಸರ್ಕಾರದ ಆ್ಯಪ್ ಅದು. ಹೊಲದ ನಡುವೆ ನಿಂತರೆ ಎಲ್ಲ ಫೋನುಗಳೂ ಸರಿಯಾದ ಉತ್ತರ ಕೊಡುತ್ತವೆ. ಬದುವಿನ ಮೂಲೆಗೆ ಹೋಗಿ. ಒಂದು ಕೈಯಲ್ಲಿ ಹಳೆಯ ಫೋನು, ಇನ್ನೊಂದರಲ್ಲಿ ಹೊಸದು. ಎರಡರಲ್ಲೂ ನೀಲಿ ಚುಕ್ಕಿ ಎಲ್ಲಿ ಕೂರುತ್ತದೆ ನೋಡಿ. ನಕ್ಷೆಯ ಗೆರೆ ನೆಲದ ಬದುವಿಗೆ ಕೂದಲೆಳೆಯಷ್ಟು ನಿಖರವಾಗಿ ಹೊಂದಬೇಕೆಂದಿಲ್ಲ, ಆದ್ದರಿಂದಲೇ ಎರಡು ಫೋನು ಹೋಲಿಸಬೇಕು. ಹತ್ತು ಹೆಜ್ಜೆ ಈ ಕಡೆ, ಹತ್ತು ಹೆಜ್ಜೆ ಆ ಕಡೆ ನಡೆದಾಗ ಚುಕ್ಕಿ ನಿಮ್ಮ ಜೊತೆ ಬರಬೇಕು. ನಿಂತಲ್ಲೇ ನಿಂತು ಆಮೇಲೆ ಒಮ್ಮೆಲೇ ಜಿಗಿಯುತ್ತಿದ್ದರೆ, ಸೆಟ್ಟಿಂಗ್‌ನಲ್ಲಿ ಸ್ಥಳದ ನಿಖರತೆ ಹೆಚ್ಚಿಸುವ ಆಯ್ಕೆ ಚಾಲೂ ಇದೆಯೇ, ಬ್ಯಾಟರಿ ಉಳಿತಾಯ ಬಂದ್ ಇದೆಯೇ ನೋಡಿ, ಮತ್ತೆ ಪ್ರಯತ್ನಿಸಿ. ಆಗಲೂ ಜಿಗಿದರೆ ಆ ಫೋನು ಸಮೀಕ್ಷೆಗೆ ಬೇಡ. ಬೆಳೆ ಸಮೀಕ್ಷೆಯಲ್ಲಿ ನಾವು ಆ ತಾಕಿನೊಳಗೇ ನಿಂತು ಫೋಟೊ ತೆಗೆಯಬೇಕು. ಚುಕ್ಕಿ ಪಕ್ಕದವರ ಹೊಲದಲ್ಲಿ ಕುಳಿತರೆ ಕಡಲೆ ಬಿತ್ತಿದವರ ಹೆಸರಿಗೆ ಜೋಳ ದಾಖಲಾಗುವ ಅಪಾಯವಿದೆ. ಆ ದಾಖಲೆಯ ಮೇಲೆ ಬೆಳೆ ಪರಿಹಾರ, ಬೆಂಬಲ ಬೆಲೆಯ ಖರೀದಿ ಎಲ್ಲವೂ ನಿಂತಿರುತ್ತದೆ. ಇನ್ನೊಬ್ಬರ ಅನ್ನದ ಪ್ರಶ್ನೆ ಇದು. ಅದಕ್ಕೇ ಈ ಒಂದು ಪರೀಕ್ಷೆಯಲ್ಲಿ ನಾನು ಯಾವ ಫೋನಿಗೂ ರಿಯಾಯಿತಿ ಕೊಡುವುದಿಲ್ಲ.

ಅಲ್ಲಿಯೇ ನಿಂತು ಕ್ಯಾಮೆರಾ ನೋಡಿಬಿಡಿ. 50 ಮೆಗಾಪಿಕ್ಸೆಲ್ ಎಂದು ಡಬ್ಬಿಯ ಮೇಲಿದ್ದರೂ, ಸಾಮಾನ್ಯವಾಗಿ ನಾಲ್ಕು ಪಿಕ್ಸೆಲ್ ಕೂಡಿಸಿ ಒಂದು ಮಾಡಿ, ಉಳಿಸುವ ಚಿತ್ರ 12.5 ಮೆಗಾಪಿಕ್ಸೆಲ್‌ನದು. ಅದರಲ್ಲಿ ಮೋಸವೇನಿಲ್ಲ. ಎರಡನೆಯ ಲೆನ್ಸ್ ಮಾತ್ರ ಈ ಬೆಲೆಯಲ್ಲಿ ಬಹುತೇಕ ಅಲಂಕಾರಕ್ಕೆ. ಗಾಳಿಯಂತ್ರಗಳನ್ನು ತಿರುಗಿಸುವ ನಮ್ಮ ಗುಡ್ಡದ ಗಾಳಿಯಲ್ಲಿ ಹೆಸರು ಗಿಡದ ಎಲೆ ಸುಮ್ಮನಿರುವುದಿಲ್ಲ. ಅಲುಗಾಡುವ ಆ ಎಲೆಯ ನರ ಫೋಟೊದಲ್ಲಿ ಕಂಡರೆ ಸಾಕು. ಸಂಜೆ ಮನೆಯೊಳಗೆ ಪಾಸ್‌ಬುಕ್ಕಿನ ಒಂದು ಪುಟ ತೆಗೆದು, ಅಂಕಿಗಳು ಓದಲು ಬರುತ್ತವೆಯೇ ನೋಡಿ.

ರ್‍ಯಾಮ್ ಬಗ್ಗೆ ಅಂಗಡಿಯವರು ‘ನಾಲ್ಕು ಕೂಡಿಸು ನಾಲ್ಕು, ಎಂಟು’ ಎಂದು ಲೆಕ್ಕ ಹೇಳುತ್ತಾರೆ. ಎರಡನೆಯ ನಾಲ್ಕು ಸಂಗ್ರಹದಿಂದ ಎರವಲು ತಂದದ್ದು, ನಿಜವಾದ ರ್‍ಯಾಮ್‌ನ ವೇಗ ಅದಕ್ಕಿರುವುದಿಲ್ಲ. ಪರೀಕ್ಷೆ ಸುಲಭ: ಒಂದು ಅರ್ಜಿಯನ್ನು ಅರ್ಧ ತುಂಬಿ, ಕ್ಯಾಮೆರಾ ತೆರೆದು ಫೋಟೊ ತೆಗೆಯಿರಿ, ವಾಟ್ಸ್‌ಆ್ಯಪ್‌ನಲ್ಲಿ ಒಂದು ಸಂದೇಶ ಓದಿ, ಓಟಿಪಿ ನೋಡಿ, ಅರ್ಜಿಗೆ ಮರಳಿ ಬನ್ನಿ. ತುಂಬಿದ್ದು ಇದ್ದಲ್ಲೇ ಇದ್ದರೆ ಪಾಸು. ಮೊದಲಿನಿಂದ ಶುರುವಾದರೆ ಬಳಸದ ಆ್ಯಪ್‌ಗಳನ್ನು ತೆಗೆದು ಮತ್ತೊಮ್ಮೆ ನೋಡಿ.

ಕರೆಯ ಪರೀಕ್ಷೆಯನ್ನು ಹೆಂಗಸರು ತಮ್ಮದೇ ರೀತಿಯಲ್ಲಿ ಮಾಡಬೇಕು. ಬಿಸಿಲಿಗೆ ತಲೆಗೆ ವಸ್ತ್ರ ಸುತ್ತಿಕೊಂಡು, ಫೋನನ್ನು ಅದರೊಳಗೆ ಕಿವಿಗೆ ಸಿಕ್ಕಿಸಿ ಮಾತಾಡುತ್ತೇವೆ. ಕೆಲವು ಅಗ್ಗದ ಫೋನುಗಳಲ್ಲಿ ಕಿವಿಯ ಸಾಮೀಪ್ಯ ಗುರುತಿಸಲು ಬೇರೆ ಸೆನ್ಸರ್ ಇರುವುದಿಲ್ಲ, ಸಾಫ್ಟ್‌ವೇರ್ ಅಂದಾಜು ಮಾಡುತ್ತದೆ. ಆ ಅಂದಾಜು ತಪ್ಪಿದರೆ ಪರದೆ ಆರದೆ, ಕೆನ್ನೆ ತಾಗಿ ಧ್ವನಿ ಬಂದ್ ಆಗುತ್ತದೆ ಅಥವಾ ಕರೆಯೇ ಕಡಿದುಹೋಗುತ್ತದೆ. ವಸ್ತ್ರದೊಳಗೆ ಇಟ್ಟೇ ಐದು ನಿಮಿಷ ಮಾತಾಡಿ ನೋಡಿ. ಹೆಬ್ಬೆರಳ ಗುರುತಿಗೂ ಇದೇ ಮಾತು. ಕಳೆ ತೆಗೆದು, ಮೆಣಸಿನಕಾಯಿ ಬಿಡಿಸಿ ಸವೆದ ಬೆರಳು ಸೆನ್ಸರಿಗೆ ಬೇಗ ಸಿಗುವುದಿಲ್ಲ. ಒಂದೇ ಹೆಬ್ಬೆರಳನ್ನು ಎರಡು ಸಲ ನೋಂದಾಯಿಸಿ, ಒಮ್ಮೆ ತೊಳೆದ ಕೈಯಿಂದ, ಒಮ್ಮೆ ಕೆಲಸ ಮುಗಿಸಿದ ಕೈಯಿಂದ.

5ಜಿ ಎಂಬ ಅಕ್ಷರಕ್ಕೆ ಹೆಚ್ಚು ದುಡ್ಡು ಕೊಡುವ ಮುನ್ನ ಒಂದು ಸಂಗತಿ. 2022ರ ಅಕ್ಟೋಬರಿನಲ್ಲಿ 5ಜಿ ಶುರುವಾದಾಗ ಜಿಯೊ ಎಸ್‌ಎ ಪದ್ಧತಿಯಲ್ಲಿ, ಏರ್‌ಟೆಲ್ ಎನ್‌ಎಸ್‌ಎ ಪದ್ಧತಿಯಲ್ಲಿ ಆರಂಭಿಸಿದವು. ಮೊದಲನೆಯದು 5ಜಿಯದೇ ಸ್ವತಂತ್ರ ಜಾಲ, ಎರಡನೆಯದು 4ಜಿ ಜಾಲವನ್ನು ಆಧರಿಸಿದ್ದು. ತೀರ ಅಗ್ಗದ ಕೆಲವು 5ಜಿ ಫೋನುಗಳು ಎಸ್‌ಎ ಒಂದನ್ನೇ ಬಲ್ಲವು, ಎನ್‌ಎಸ್‌ಎ ಜಾಲದಲ್ಲಿ ಅವುಗಳಿಗೆ 5ಜಿ ಸಿಗದು. ನಿಮ್ಮ ಸಿಮ್ ಹಾಕಿ, ನಿಮ್ಮ ಊರಲ್ಲೇ ನೋಡಿ. ಗುಡ್ಡದ ಮರೆಯಲ್ಲಿ 5ಜಿ ಬಂದು ಹೋಗುತ್ತಿದ್ದರೆ 4ಜಿಗೆ ಕಟ್ಟಿಹಾಕಿ, ಬ್ಯಾಟರಿಯಾದರೂ ಉಳಿಯುತ್ತದೆ.

ಬ್ಯಾಟರಿಯ ಅಳತೆಯನ್ನು ನಾನು ಮೂರನೆಯ ದಿನದ ನಂತರ ನೋಡುತ್ತೇನೆ. 5000 ಎಂಎಎಚ್ ಈಗ ಸಾಮಾನ್ಯವಾದ್ದರಿಂದ ಚಾರ್ಜರಿನ ವೇಗಕ್ಕೆ ಹೆಚ್ಚು ಬೆಲೆ ಕೊಡುತ್ತೇನೆ. ಡಬ್ಬಿಯಲ್ಲಿ 10 ವ್ಯಾಟ್‌ನ ಚಾರ್ಜರ್ ಇದ್ದರೆ ಪೂರ್ತಿ ತುಂಬಲು ಮೂರು ಗಂಟೆಯ ಹತ್ತಿರ ಹಿಡಿಯುತ್ತದೆ. ಕರೆಂಟು ಬಂದು ಹೋಗುವ ಊರಿನಲ್ಲಿ ಅದು ದೊಡ್ಡ ಅಡಚಣೆ.

ದೋಷ ಕಂಡರೆ ವಿಡಿಯೊ ಮಾಡಿ ಇಟ್ಟುಕೊಂಡು, ಅವಧಿ ಮುಗಿಯುವ ಮುನ್ನವೇ ಹೋಗಿ. ಮಾರಿದವರು ಬದಲಿಸಿಕೊಡದೆ ಹಟ ಮಾಡಿದರೆ ಗ್ರಾಹಕರ ಸಹಾಯವಾಣಿ 1915 ಇದೆ. ಎಲ್ಲವೂ ಸರಿಯಿದ್ದರೆ ಆಗ ಮಾತ್ರ ಹಳೆಯ ಫೋನಿನಿಂದ ಪೂರ್ತಿಯಾಗಿ ಸ್ಥಳಾಂತರವಾಗಿ. ಯುಪಿಐ ಆ್ಯಪ್‌ಗಳು ಬ್ಯಾಂಕಿಗೆ ಜೋಡಿಸಿದ ಸಿಮ್‌ನಿಂದಲೇ ಎಸ್ಎಂಎಸ್ ಕಳಿಸಿ ಫೋನನ್ನು ಗುರುತಿಸುತ್ತವೆ, ಆದ್ದರಿಂದ ಆ ಸಿಮ್ ಹೊಸ ಫೋನಿನಲ್ಲಿರಬೇಕು, ಅದರಲ್ಲಿ ಎಸ್ಎಂಎಸ್ ಹೋಗುವಷ್ಟು ರೀಚಾರ್ಜ್ ಇರಬೇಕು. ವಾಟ್ಸ್‌ಆ್ಯಪ್‌ನ ಹಳೆಯ ಮಾತುಕತೆಗಳನ್ನು ಎರಡೂ ಫೋನು ಪಕ್ಕದಲ್ಲಿಟ್ಟು ಕ್ಯೂಆರ್ ಕೋಡ್ ಮೂಲಕವೇ ವರ್ಗಾಯಿಸಬಹುದು, ಡ್ರೈವ್‌ನ ಉಚಿತ 15 ಜಿಬಿ ತುಂಬಿದವರಿಗೆ ಅದೇ ದಾರಿ. ಹಳೆಯ ಫೋನನ್ನು ಅವ್ವನಿಗೋ ತಮ್ಮನಿಗೋ ಕೊಡುವುದಿದ್ದರೆ, ರೀಸೆಟ್ ಮಾಡುವ ಮುನ್ನ ಸೆಟ್ಟಿಂಗ್‌ಗೆ ಹೋಗಿ ನಿಮ್ಮ ಗೂಗಲ್ ಖಾತೆಯನ್ನು ತೆಗೆಯಿರಿ. ಇಲ್ಲದಿದ್ದರೆ ಅದು ಚಾಲೂ ಆಗುವಾಗ ನಿಮ್ಮ ಪಾಸ್‌ವರ್ಡ್ ಕೇಳುತ್ತದೆ, ನೀವು ಆಗ ಯಾವುದೋ ಹೊಲದಲ್ಲಿರುತ್ತೀರಿ.