ಹಳೆಯ ಅರಮನೆಯಲ್ಲಿ ಸಿವಿಲ್ ಮದುವೆ: ಇಂಗ್ಲೆಂಡಿನಲ್ಲಿ ಹೇಗೆ?

ಇಂಗ್ಲೆಂಡಿನ ಬ್ರೈಟನ್ ಊರಿನ ರಾಯಲ್ ಪೆವಿಲಿಯನ್ ಅರಮನೆ ನೋಡಿದರೆ ನಮ್ಮ ಕಡೆಯ ಅರಮನೆಯನ್ನೇ ಅಲ್ಲಿಗೆ ತಂದಿಟ್ಟ ಹಾಗಿದೆ. ಗುಮ್ಮಟ, ಮಿನಾರು ಎಲ್ಲ ಇವೆ. ಅಲ್ಲಿ ಮದುವೆಯನ್ನೂ ಮಾಡಿಕೊಳ್ಳಬಹುದು! ಇಂಗ್ಲೆಂಡ್, ವೇಲ್ಸ್‌ನಲ್ಲಿ 1995ರವರೆಗೆ ಸಿವಿಲ್ ಮದುವೆ (ಧಾರ್ಮಿಕ ವಿಧಿ ಇಲ್ಲದ ಕಾನೂನು ಮದುವೆ) ಎಂದರೆ ರಿಜಿಸ್ಟರ್ ಕಚೇರಿಯೇ ಗತಿ. 1994ರ ಕಾಯ್ದೆ ಬಂದ ಮೇಲೆ ಕೋಟೆ, ಹಳೆಯ ಬಂಗಲೆಗಳಿಗೂ ಅವಕಾಶ ಸಿಕ್ಕಿತು.

ಬಾಡಿಗೆ ಎಷ್ಟು ಅಂತ ಆಮೇಲೆ ಕೇಳಿ. ಮೊದಲು ಕಟ್ಟಡಕ್ಕೆ ಮದುವೆಯ ಪರವಾನಗಿ ಇದೆಯಾ ನೋಡಿ. ಅದನ್ನು ಕೊಡುವುದು ಅಲ್ಲಿನ ಕೌನ್ಸಿಲ್, ಅಂದರೆ ಸ್ಥಳೀಯ ಆಡಳಿತ.

ಇನ್ನು ರಿಜಿಸ್ಟ್ರಾರ್, ಅಂದರೆ ಮದುವೆ ನೋಂದಾಯಿಸುವ ಅಧಿಕಾರಿ. ಹಾಲ್ ಬುಕ್ ಮಾಡಿದರೆ ಅವರೂ ಬರುತ್ತಾರೆ ಅಂದುಕೊಳ್ಳಬೇಡಿ. ಕಟ್ಟಡ ಇರುವ ಊರಿನ ನೋಂದಣಿ ಕಚೇರಿಯಲ್ಲಿ ಅವರನ್ನು ಬೇರೆಯಾಗಿಯೇ ಗೊತ್ತು ಮಾಡಬೇಕು. ಅವರಿಲ್ಲದೆ ಮದುವೆಯೇ ಇಲ್ಲ. ಹಾಗಾಗಿ ಎರಡೂ ಕಡೆ ಒಂದೇ ದಿನ, ಒಂದೇ ಹೊತ್ತು ಸಿಕ್ಕ ಮೇಲಷ್ಟೇ ಮುಂಗಡ ಕೊಡಿ.

ಆಮೇಲೆ ನೋಟಿಸ್, ಅಂದರೆ ಮದುವೆಯಾಗುತ್ತೇವೆ ಎಂದು ತಾವಿರುವ ಜಿಲ್ಲೆಯ ನೋಂದಣಿ ಕಚೇರಿಗೆ ಕೊಡುವ ತಿಳುವಳಿಕೆ. ಹುಡುಗ, ಹುಡುಗಿ ಇಬ್ಬರೂ ಖುದ್ದಾಗಿ ಹೋಗಿ ಕೊಡಬೇಕು. ಅದಕ್ಕೆ ಮೊದಲು ಕನಿಷ್ಠ 7 ದಿನ ನೋಟಿಸ್ ಕೊಡುವ ಜಿಲ್ಲೆಯಲ್ಲಿ ವಾಸವಿರಬೇಕು. ನೋಟಿಸ್ ಕೊಟ್ಟ ಮೇಲೆ 28 ದಿನ ಕಾಯಬೇಕು. ವೀಸಾ ಮೇಲೆ ಇರುವವರಿಗೆ ಇದು 70 ದಿನದವರೆಗೂ ಹೋಗಬಹುದು. ನೋಟಿಸ್‌ನಲ್ಲಿ ಮದುವೆಯ ಜಾಗದ ಹೆಸರೂ ಇರುತ್ತದೆ. ಜಾಗ ಬದಲಾದರೆ ಮತ್ತೆ ಮೊದಲಿನಿಂದ ಶುರು.

ನಮ್ಮವರಿಗೆ ಕಷ್ಟ ಅನಿಸುವುದು ಮುಂದಿನ ನಿಯಮ. ಸಿವಿಲ್ ಮದುವೆಯಲ್ಲಿ ಮಂತ್ರ, ಸಪ್ತಪದಿ ಸೇರಿಸುವಂತಿಲ್ಲ. ಧಾರೆಯನ್ನು ಬೇರೆ ಹೊತ್ತಿಗೆ ಇಟ್ಟುಕೊಳ್ಳಿ. ಧರ್ಮದ ವಿಷಯ ಇಲ್ಲದ ಕನ್ನಡ ಕವಿತೆಯೊಂದನ್ನು ಓದಬಹುದು. ಮೊದಲೇ ರಿಜಿಸ್ಟ್ರಾರ್‌ಗೆ ಅರ್ಥ ತಿಳಿಸಿ ಒಪ್ಪಿಗೆ ಪಡೆಯಿರಿ. ಅಜ್ಜಿಯ ಕಣ್ಣು ಒದ್ದೆಯಾಗಲು ಅಷ್ಟು ಸಾಕು, ಅಲ್ವಾ? ಇಬ್ಬರು ಸಾಕ್ಷಿಗಳು ಬೇಕೇ ಬೇಕು. 2021ರ ಜುಲೈನಿಂದ ಪರವಾನಗಿ ಇರುವ ಕಟ್ಟಡದ ತೋಟದಲ್ಲೂ ಮದುವೆ ಮಾಡಿಕೊಳ್ಳಬಹುದು.

ಕಟ್ಟಡದ ಬಗ್ಗೆ ಎರಡು ಮಾತು. ಇನ್ನೂರು ವರ್ಷದ ಗೋಡೆಗೆ ಅಂಟಿಸಿದ ಟೇಪ್ ಕಿತ್ತಾಗ ಬಣ್ಣದ ಜೊತೆ ಗಾರೆಯೂ ಉದುರಬಹುದು. ಚೂಪು ಹಿಮ್ಮಡಿಯ ಚಪ್ಪಲಿ ಹಳೆಯ ಮರದ ನೆಲದಲ್ಲಿ ಕಡಲೆಕಾಳಿನಷ್ಟು ಗುಳಿ ಬಿಡುತ್ತದೆ. ಅದು ಮತ್ತೆ ತುಂಬುವುದಿಲ್ಲ. ಮೇಣದಬತ್ತಿ ಹಚ್ಚುವುದು, ಬಣ್ಣದ ಕಾಗದದ ಚೂರು ಎರಚುವುದು ಬೇಡ ಎಂದು ಕಟ್ಟಡದವರು ಹೇಳಿದರೆ ವಾದ ಮಾಡಬೇಡಿ. ಹೂವನ್ನು ಗೋಡೆಗೆ ಕಟ್ಟುವ ಬದಲು ಸ್ಟ್ಯಾಂಡಿನಲ್ಲಿಡಿ.

ಕೊನೆಗೆ, ಮದುವೆಯ ಹೊತ್ತಿಗೇ ಒಂದು ದಿನ ಅಲ್ಲಿಗೆ ಹೋಗಿ ಹತ್ತು ನಿಮಿಷ ಸುಮ್ನೆ ನಿಲ್ಲಿ. ಬೆಳಕು ಎಲ್ಲಿಂದ ಬರುತ್ತದೆ, ಚಳಿ ಎಷ್ಟಿದೆ, ಎಷ್ಟು ಮೆಟ್ಟಿಲು ಹತ್ತಬೇಕು ನೋಡಿ. ಲಿಫ್ಟ್ ಇಲ್ಲದಿದ್ದರೆ ಕೆಳಗಿನ ಕೋಣೆಯನ್ನೇ ಕೇಳಿ.