ಒಂದು ಮಾರು ಜಾಗ

ನನ್ನದು ಬಾಡಿಗೆ ಟಾಟಾ ಏಸ್. ವಿಜಯಪುರದಿಂದ ತಿಕೋಟಾ ಕಡೆ ಖಾಲಿ ಕ್ರೇಟು ಒಯ್ಯುವುದು, ಬರುವಾಗ ದ್ರಾಕ್ಷಿ ತುಂಬಿಕೊಂಡು ಬರುವುದು. ದ್ರಾಕ್ಷಿ ಮುಗಿದರೆ ಸಿಮೆಂಟು, ಮದುವೆ ಸಾಮಾನು, ಸಿಕ್ಕಿದ್ದು. ಹದಿನೈದು ವರ್ಷ ಈ ಅಥಣಿ ರಸ್ತೆಯಲ್ಲಿ ಓಡಾಡಿದ ನನಗೆ ಸೈಕಲ್ ಎಂದರೆ ಹಾರ್ನ್ ಹೊಡೆದು ಪಕ್ಕಕ್ಕೆ ಸರಿಸುವ ವಸ್ತು, ಅಷ್ಟೇ.

ಒಂದು ಫೆಬ್ರವರಿ ಬೆಳಗ್ಗೆ ಆ ಲೆಕ್ಕ ತಪ್ಪಿತು. ತೋಟದ ದಾರಿಗೆ ಎಡಕ್ಕೆ ತಿರುಗಬೇಕಿತ್ತು. ಮುಂದೆ ಶಾಲೆ ಚೀಲ ಹಾಕಿಕೊಂಡ ಹುಡುಗ ಸೈಕಲ್ ತುಳಿಯುತ್ತಿದ್ದ. ಇವನನ್ನು ದಾಟಿಯೇ ತಿರುಗೋಣ ಅಂದುಕೊಂಡೆ. ದಾಟಿದೆ, ತಿರುಗಿದೆ. ಹಿಂದೆ ಧಡಕ್ಕನೆ ಸದ್ದು. ನನ್ನ ಗಾಡಿ ಅವನಿಗೆ ತಾಗಿರಲಿಲ್ಲ. ಗಾಬರಿಯಲ್ಲಿ ಮುಂದಿನ ಬ್ರೇಕ್ ಒತ್ತಿ ಹಾರಿ ಬಿದ್ದಿದ್ದ. ಮೊಣಕಾಲು ಕಿತ್ತು ರಕ್ತ. ಬೇವಿನ ಗಿಡದ ಕೆಳಗೆ ಕೂತಿದ್ದ ಹಿರಿಯರೊಬ್ಬರು ಎದ್ದು ಬಂದರು. ಬೈಯಲಿಲ್ಲ.

"ತಮ್ಮಾ, ಹುಡುಗನ ಹಿಂದ ಸ್ವಲ್ಪ ನಿಂತಿದ್ರ ನಿನ್ನ ಗಂಟೇನ ಹೊಕ್ಕಿತ್ತು?"

"ತಪ್ಪಾತ್ರಿ ಕಾಕಾ" ಅಂದೆ. ಬೇರೆ ಮಾತು ಹೊರಡಲಿಲ್ಲ.

ಆಮೇಲೆ ಕೂತು ಲೆಕ್ಕ ಹಾಕಿದೆ. ಸೈಕಲ್ ಗಂಟೆಗೆ 15 ಕಿ.ಮೀ. ಎಂದರೂ ಸೆಕೆಂಡಿಗೆ ನಾಲ್ಕು ಮೀಟರ್. ನಾನು ವೇಗ ಕಡಿಮೆ ಮಾಡಿ ತಿರುಗುವ ಎರಡು-ಮೂರು ಸೆಕೆಂಡಿನಲ್ಲಿ ಅವನು ಹತ್ತು ಮೀಟರ್ ಮುಂದೆ ಬಂದಿರುತ್ತಾನೆ, ಅಂದರೆ ಸರಿಯಾಗಿ ನನ್ನ ಬಾಗಿಲ ಪಕ್ಕಕ್ಕೆ. ಇನ್ನು ನನ್ನ ಗಂಟು. ನೂರು ಮೀಟರ್ ಅವನ ಹಿಂದೆಯೇ ಹೋಗಿದ್ದರೆ 24 ಸೆಕೆಂಡ್. ಗಂಟೆಗೆ 50ರಲ್ಲಿ ಹೋದರೆ ಏಳು ಸೆಕೆಂಡ್. ಹದಿನೇಳು ಸೆಕೆಂಡಿಗಾಗಿ ಒಂದು ಮಗುವಿನ ಮೊಣಕಾಲು ಕಿತ್ತಿದ್ದೆ.

ಅದೇ ವರ್ಷ ನನಗೆ ಶುಗರ್ ಬಂತು. ದಿನಾ ಮುಕ್ಕಾಲು ಗಂಟೆ ನಡೀರಿ, ಇಲ್ಲಾ ಸೈಕಲ್ ಹೊಡೀರಿ ಅಂದರು ಡಾಕ್ಟರು. ಮನೆಯಲ್ಲಿ ಮಗಳ ಹಳೇ ಸೈಕಲ್ ಇತ್ತು. 2006-07ರಿಂದ ಸರ್ಕಾರ ಎಂಟನೇ ತರಗತಿ ಮಕ್ಕಳಿಗೆ ಕೊಡುತ್ತಿತ್ತಲ್ಲ, ಅದು. ಲೇಡೀಸ್ ಸೈಕಲ್, ಮುಂದೆ ಬುಟ್ಟಿ. ಸ್ಟ್ಯಾಂಡಿನಲ್ಲಿ ಗೆಳೆಯರು ನಕ್ಕರು. ನಗಲಿ ಬಿಡಿ.

ಮೊದಲ ತಿಂಗಳು ಡಾಂಬರಿನ ಅಂಚಿನಲ್ಲೇ ಹೋಗುತ್ತಿದ್ದೆ. ಅದೇ ಸುರಕ್ಷಿತ ಅಂತ ನಂಬಿಕೆ. ಆದರೆ ಅಲ್ಲಿ ಜಾಲಿ ಮುಳ್ಳು, ಗರಸು, ಅಂಚು ಮುರಿದು ಗೇಣುದ್ದ ಇಳಿಜಾರು. ಜನವರಿಯಲ್ಲಿ ತೊಗರಿ ರಾಶಿ ಬೇರೆ ರಸ್ತೆ ಮೇಲೇ. ಹೊಟ್ಟಿನ ಮೇಲೆ ಟೈರು ಸೋಪಿನಂತೆ ಜಾರುತ್ತದೆ. ಇದೆಲ್ಲಕ್ಕಿಂತ ವಿಚಿತ್ರ ಏನೆಂದರೆ, ನಾನು ಅಂಚಿಗೆ ಸರಿದಷ್ಟೂ ಗಾಡಿಗಳು ನನಗೆ ಹತ್ತಿರವಾದವು. ಎದುರಿಗೆ ವಾಹನ ಬರುತ್ತಿದ್ದರೂ 'ಇವನ ಪಕ್ಕ ತೂರಬಹುದು' ಎನ್ನುವ ಲೆಕ್ಕ ಅವರದು. ಆ ಲೆಕ್ಕ ನನಗೆ ಚೆನ್ನಾಗಿ ಗೊತ್ತು, ನಾನೂ ಹಾಗೇ ತೂರಿದವನು.

ಈಗ ಅಂಚಿನಿಂದ ಎರಡು ಮೊಳ ಒಳಗೆ ಹೋಗುತ್ತೇನೆ, ಗೆರೆ ಎಳೆದಂತೆ ನೇರ. ತೂರುವ ಜಾಗ ಕಾಣದಿದ್ದರೆ ಹಿಂದಿನವನು ಕಾಯುತ್ತಾನೆ, ಇಲ್ಲವೇ ಪೂರ್ತಿ ಬಲಕ್ಕೆ ಹೋಗಿ ದಾಟುತ್ತಾನೆ. ಹಾರ್ನ್ ಜಾಸ್ತಿ ಬೀಳುತ್ತದೆ ನಿಜ. ಹಾರ್ನ್ ಹೊಡೆದ ಅಂದರೆ ನನ್ನನ್ನು ನೋಡಿದ ಅಂತ ಅರ್ಥ ಅಲ್ವಾ? ಲಾರಿ ನಿಲ್ಲುವ ಲಕ್ಷಣ ಇಲ್ಲ ಅಂದರೆ ಮಾತ್ರ ಕೆಳಗಿಳಿಯುತ್ತೇನೆ. ಅಲ್ಲಿ ಹಟ ಮಾಡಲ್ಲ.

ಕಬ್ಬಿನ ಟ್ರ್ಯಾಕ್ಟರಿನದು ಬೇರೆಯೇ ಕತೆ. ಎಂಜಿನ್ ದಾಟಿತು ಅಂತ ಸಮಾಧಾನ ಪಡುವಷ್ಟರಲ್ಲಿ ಮೊದಲ ಟ್ರೇಲರ್, ಅದರ ಹಿಂದೆ ಎರಡನೆಯದು. ಎರಡನೆಯದು ಬಾಲದಂತೆ ಅತ್ತಿತ್ತ ಅಲ್ಲಾಡುತ್ತದೆ. ಕಬ್ಬು ಪಕ್ಕಕ್ಕೆ ಚಾಚಿರುತ್ತದೆ. ಡ್ರೈವರ್ ಹಾಕಿದ ಹಾಡಿನ ಮುಂದೆ ನಿಮ್ಮ ಗಂಟೆ ಅವನಿಗೆ ಕೇಳಲ್ಲ. ಹಂಗಾಮಿನಲ್ಲಿ ಹಿಂದಿನಿಂದ ಹಾಡು ಕೇಳಿದರೆ ನಾನು ಸೈಕಲ್ ಇಳಿದು ಗಿಡದ ಕೆಳಗೆ ನಿಂತುಬಿಡುತ್ತೇನೆ. ಎರಡೂ ಟ್ರೇಲರ್ ಹೋದ ಮೇಲೆಯೇ ಮತ್ತೆ ಹತ್ತುವುದು.

ಕಾಣಿಸುವುದಕ್ಕೆ ಹೆಚ್ಚು ಖರ್ಚು ಮಾಡಲಿಲ್ಲ. ಗಾಡಿ ಪಾಸಿಂಗಿಗೆ ತಂದಿದ್ದ ಕೆಂಪು ರೇಡಿಯಂ ತುಂಡು ಉಳಿದಿತ್ತು, ಹಿಂದಿನ ಮಡ್‌ಗಾರ್ಡಿಗೆ ಹಚ್ಚಿದೆ. ಪೆಡಲಿನ ಹಿಂಭಾಗಕ್ಕೂ ಒಂದೊಂದು ಚೂರು. ಪೆಡಲ್ ಮೇಲೆ ಕೆಳಗೆ ಆಡುವುದರಿಂದ ದೂರದಿಂದಲೇ ಸೈಕಲ್ ಅಂತ ಗೊತ್ತಾಗುತ್ತದೆ. ಜೊತೆಗೆ ಮಿಣುಕುವ ಹಿಂದಿನ ಲೈಟು, ಬಲಕ್ಕೊಂದು ಕನ್ನಡಿ. ಕನ್ನಡಿ ಬೇಕೇ ಬೇಕು. ತಲೆ ಬಲಕ್ಕೆ ತಿರುಗಿಸಿದರೆ ಹ್ಯಾಂಡಲ್ಲೂ ಗೊತ್ತಿಲ್ಲದಂತೆ ಬಲಕ್ಕೇ ವಾಲುತ್ತದೆ. ಅದಕ್ಕೇ ಬೆನ್ನ ಹಿಂದೆ ಬಂದು ಉದ್ದಕ್ಕೆ ಹಾರ್ನ್ ಹೊಡೆಯಬಾರದು. ಬೆಚ್ಚಿ ತಿರುಗಿದವನು ನಿಮ್ಮ ಗಾಡಿಯ ಮುಂದೆಯೇ ಬರುತ್ತಾನೆ. ಈಗ ನಾನು ಐವತ್ತು ಮೀಟರ್ ಇರುವಾಗಲೇ ಒಂದು ಸಣ್ಣ ಪೀಂ ಅನ್ನಿಸಿ ಸುಮ್ನಾಗುತ್ತೇನೆ.

ಬಿಸಿಲಿನ ವಿಷಯ ತಡವಾಗಿ ಹೊಳೆಯಿತು. ಬೆಳಗ್ಗೆ ತೊರವಿ ಕಡೆ ಹೋಗುವಾಗ ಸೂರ್ಯ ಬೆನ್ನಿಗೆ. ಊರಿಗೆ ಮರಳುವಾಗ ಕಣ್ಣಿಗೆ. ನನ್ನ ಕಣ್ಣಿಗೆ ಮಾತ್ರವಲ್ಲ, ನನ್ನ ಹಿಂದೆ ಬರುವ ಡ್ರೈವರಿನ ಕಣ್ಣಿಗೂ. ಗಾಜಿಗೆ ಧೂಳು ಇದ್ದರಂತೂ ಮುಂದಿನ ಸೈಕಲ್ ಮಾಯ. ಸ್ಟೇರಿಂಗ್ ಹಿಂದೆ ಕೂತಾಗ ಎಷ್ಟೋ ಸಲ ಕಂಡದ್ದೇ, ಸೈಕಲ್ ಮೇಲಿದ್ದಾಗ ನೆನಪಾಗಿರಲಿಲ್ಲ. ಈಗ ತೊರವಿಯಲ್ಲಿ ಸಕ್ಕರೆ ಇಲ್ಲದ ಚಹಾ ಕುಡಿದು, ಸೂರ್ಯ ಸ್ವಲ್ಪ ಮೇಲೇರಿದ ಮೇಲೆ ಹೊರಡುತ್ತೇನೆ.

ಊರೊಳಗೆ ಭಯ ಗಾಡಿ ಬಾಗಿಲಿನದು. ಗಾಂಧಿ ಚೌಕಿನ ಹತ್ತಿರ ನಿಂತ ಕಾರಿನ ಬಾಗಿಲು ಥಟ್ಟನೆ ತೆರೆದು ನನ್ನ ಹ್ಯಾಂಡಲ್ಲಿಗೆ ಬಡಿಯಿತು. ಬಿದ್ದೆ, ಬುಟ್ಟಿ ಚಪ್ಪಟೆಯಾಯಿತು. ಅಂದಿನಿಂದ ನನ್ನ ಏಸ್‌ನ ಬಾಗಿಲನ್ನು ಎಡಗೈಯಿಂದ ತೆಗೆಯುತ್ತೇನೆ. ನಮ್ಮ ಸೀಟು ಬಲಕ್ಕಿರುವುದರಿಂದ ಎಡಗೈ ಚಾಚಿದರೆ ಮೈ ತಾನಾಗಿ ತಿರುಗುತ್ತದೆ, ಕಣ್ಣು ಹಿಂದಕ್ಕೆ ಹೋಗುತ್ತದೆ. ಪಕ್ಕದ ಸೀಟಿನವರು ಬಲಗೈಯಿಂದ ತೆಗೆಯಬೇಕು. ಹಮಾಲರಿಗೆ ಕಲಿಸಲು ಹೋಗಿ ಸೋತಿದ್ದೇನೆ. ಅವರು ಗಾಡಿ ನಿಲ್ಲುವ ಮೊದಲೇ ಜಿಗಿದಿರುತ್ತಾರೆ.

ಜರ್ಮನಿಯಲ್ಲಿ ಸೈಕಲ್ ದಾಟುವಾಗ ಊರೊಳಗೆ ಒಂದೂವರೆ ಮೀಟರ್, ಊರಾಚೆ ಎರಡು ಮೀಟರ್ ಬಿಡಬೇಕು, 2020ರಿಂದ ಕಾನೂನೇ ಆಗಿದೆ ಎಂದಳು ಮಗಳು. ನಮಗೆ ಟೇಪು ಹಿಡಿಯುವ ಗೋಜು ಯಾಕೆ? ಎರಡೂ ಕೈ ಚಾಚಿದರೆ ಒಂದು ಮಾರು. ಹೂವಿನವರು ಅಳೆಯುವುದಿಲ್ಲವೇ, ಹಾಗೆ. ಸೈಕಲ್‌ಗೂ ನನ್ನ ಗಾಡಿಗೂ ನಡುವೆ ಒಂದು ಮಾರು ಸಿಗುತ್ತದೆ ಅಂದರೆ ದಾಟುತ್ತೇನೆ. ಇಲ್ಲ ಅಂದರೆ ಗೇರ್ ಇಳಿಸಿ ಹಿಂದೆ ಉಳಿಯುತ್ತೇನೆ. ಎಡ ತಿರುವು ಕಂಡಿತೆಂದರೆ ದಾಟುವ ಮಾತೇ ಇಲ್ಲ.

ಆ ಹುಡುಗ ಈಗಲೂ ಅದೇ ರಸ್ತೆಯಲ್ಲಿ ಸಿಗುತ್ತಾನೆ. ಮೀಸೆ ಚಿಗುರಿದೆ, ಗೇರ್ ಸೈಕಲ್ ಬಂದಿದೆ. ತೋಟದ ತಿರುವು ಹತ್ತಿರ ಬಂತೆಂದರೆ ಹಿಂದೆ ನನ್ನ ಗಾಡಿ ಇದೆ ಅಂತ ಗೊತ್ತಾಗಿ ಕೈ ಬೀಸುತ್ತಾನೆ, ಬೇಕಂತಲೇ ನಿಧಾನ ತುಳಿಯುತ್ತಾನೆ. ನಾನು ಹಿಂದೆಯೇ ಇರುತ್ತೇನೆ.